ಸೊರಬದಲ್ಲಿ ನಾನು ಬರೆದ ನಾಲ್ಕು ಚೌಕ

ಶಿಕಾರಿಪುರದಲ್ಲಿ ಬಸ್ಸಿನಿಂದ ಇಳಿದು ಟ್ರಂಕನ್ನು ನೆಲಕ್ಕಿಡುವ ಮೊದಲೇ ಒಬ್ಬ ಕೇಳಿದ: "ಹೊಸಾ ಮೇಷ್ಟ್ರೇನ್ರೀ? ಯಾವ ಪೈಕಿ?" ಪೈಕಿ ಎಂಬುದು ಕಂದಾಯದ ಕಾಗದದ ಮಾತು, ಒಂದು ಸರ್ವೆ ನಂಬರನ್ನು ತುಂಡು ಮಾಡಿದರೆ ಪ್ರತಿ ತುಂಡೂ ಅದರ ಪೈಕಿ. ಇಲ್ಲಿ ಅದನ್ನು ಮನುಷ್ಯರಿಗೂ ಹಚ್ಚುತ್ತಾರೆಂದು ಕೋಲಾರದವನಾದ ನನಗೆ ತಿಳಿದಿರಲಿಲ್ಲ. ತಿಳಿದ ಮೇಲೆ ನಿಜ ಹೇಳಿದೆ. ಬಿ.ಎ. ಪಾಸಾದವನ ಸೊಕ್ಕು. ಆತ ಎರಡು ಹೆಜ್ಜೆ ಹಿಂದೆ ಸರಿದು, ಬಹಳ ಮರ್ಯಾದೆಯಿಂದ, "ಮನಿ ಸಿಗಾದು ಕಷ್ಟ ಆಕ್ಕತ್ರೀ" ಎಂದ.

ಸಿಗಲಿಲ್ಲ. ವರ್ಷವಿಡೀ ಶಾಲೆಯ ಭೂಪಟದ ಕೋಣೆಯಲ್ಲಿ ಮಲಗಿದೆ. ತಲೆಯ ಮೇಲೆ ಯುರೋಪು ಖಂಡ, ಕಾಲ ಬಳಿ ಇಲಿಗಳು. ಊರಿನವರು ಕೆಟ್ಟವರಲ್ಲ, ದಾರಿಯಲ್ಲಿ ಕಂಡರೆ ನಮಸ್ಕಾರ ಹೇಳುತ್ತಿದ್ದರು. ದೂರದಿಂದ.

ಹಾಸ್ಟೆಲಿನ ಕೈಬರಹದ ಪತ್ರಿಕೆಗೆ ಹೊಸ ಊರಿನ ಅನುಭವ ಬರೆಯಿರಿ ಅಣ್ಣಾ ಎಂದು ಕೇಳಿದ್ದೀರಿ. ನೀವೆಲ್ಲ ನಮ್ಮ ಕೇರಿಯ ಹುಡುಗರೇ. ನಿಮಗೂ ಸುಳ್ಳು ಬರೆದರೆ ನಿಜ ಹೇಳಲು ನನಗೆ ಇನ್ಯಾರೂ ಉಳಿಯುವುದಿಲ್ಲ. ಆದರೆ ಪ್ರತಿಯನ್ನು ಈ ಕಡೆ ಕಳಿಸಬೇಡಿ.

ಮರುವರ್ಷ ಸೊರಬಕ್ಕೆ ವರ್ಗವಾಯಿತು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿದೆ, ಜಾತಿಯನ್ನೂ ಬದಲಿಸಿದೆ. ಸೊರಬದಲ್ಲಿ ಭತ್ತದ ವ್ಯಾಪಾರಿ ಚನ್ನವೀರಪ್ಪನವರು ಪೈಕಿ ಕೇಳಿದಾಗ, "ಕೋಲಾರದ ಕಡೆ ಒಕ್ಕಲುತನದವರು, ಸ್ವಂತ ಜಮೀನು" ಎಂದೆ. ಹಿತ್ತಲ ಕೋಣೆ ಸಿಕ್ಕಿತು. ಅವರ ಹೆಂಡತಿ ಗಂಗಮ್ಮ ಜಗಲಿಯ ಮೇಲೆಯೇ ಎಲೆ ಹಾಕಿ ಊಟ ಬಡಿಸುತ್ತಿದ್ದರು. ಗೊತ್ತಿಲ್ಲದ ಸೀಮೆಯವನಲ್ಲವೆ, ಒಳಗೆ ಕರೆಯುವ ಅವಸರ ಅವರಿಗಿರಲಿಲ್ಲ. ನಮ್ಮಲ್ಲಿ ಮುದ್ದೆ ನುಂಗಿದರೆ ಸಂಜೆಯವರೆಗೆ ಹೊಟ್ಟೆ ಸುಮ್ಮನಿರುತ್ತದೆ. ಇಲ್ಲಿ ಮೂರು ಹೊತ್ತೂ ಅನ್ನ, ಜೊತೆಗೆ ತಂಬುಳಿ ಎಂಬ ಸೊಪ್ಪರೆದ ತಣ್ಣನೆಯ ಮಜ್ಜಿಗೆ. ಮೊದಲ ತಿಂಗಳು ಹಸಿದೇ ಮಲಗಿದೆ. ಆಮೇಲೆ ನಾಲಿಗೆ ಒಗ್ಗಿತು. ಸುಳ್ಳಿಗಂತೂ ಅದು ಮೊದಲೇ ಒಗ್ಗಿತ್ತು.

ಇನ್ನು ನನ್ನ ಪಾಠದ ವಿಷಯ. ಹತ್ತನೆಯ ತರಗತಿಗೆ ಜರ್ಮನಿಯ ಚರಿತ್ರೆ ಬಂತು. ಯುದ್ಧ ಸೋತ ದೇಶ, ಕೆಲಸವಿಲ್ಲದ ಜನ. ಆಗ ಒಬ್ಬ ಎದ್ದು ನಿಂತು, ನಿಮ್ಮ ರಕ್ತ ಶ್ರೇಷ್ಠ, ಅದನ್ನು ಕೆಡಿಸಿದವರು ಯಹೂದಿಗಳು ಎಂದ. ಜನ ಚಪ್ಪಾಳೆ ತಟ್ಟಿದರು. ಅಲ್ಲಿಂದ ಕಾನೂನು ಬಂತು. ಪ್ರತಿಯೊಬ್ಬನಿಗೂ ಅಜ್ಜ ಅಜ್ಜಿಯರು ನಾಲ್ವರು. ಅವರಲ್ಲಿ ಮೂವರು ಯಹೂದಿಗಳಾದರೆ ನೀನೂ ಯಹೂದಿ, ಒಬ್ಬರೋ ಇಬ್ಬರೋ ಇದ್ದರೆ ಬೆರಕೆ. ಕೆಲಸ ಹೋಗುತ್ತಿತ್ತು, ಉದ್ಯಾನದ ಬೆಂಚೂ ಬೇರೆಯಾಗುತ್ತಿತ್ತು. ಕೊನೆಗೆ ಮಕ್ಕಳು ಮುದುಕರೆನ್ನದೆ ವಿಷದ ಗಾಳಿಯ ಕೋಣೆಗೆ ತುಂಬಿದರು.  ಯಾರ ವಂಶವನ್ನಾದರೂ ಹಿಂದಕ್ಕೆ ಹಿಡಿದು ಹೋದರೆ ಹೊರಗಿನವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ, ಶುದ್ಧ ರಕ್ತವೆಂಬುದೇ ಇಲ್ಲ ಎಂದೂ ಸೇರಿಸಿದೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಮಕ್ಕಳಿಗೆ ಆ ಕಾನೂನಿನ ನೀಚತನ ಮೈಗೆ ತಾಗಲಿ ಎಂಬ ಹುಮ್ಮಸ್ಸಿನಲ್ಲಿ, "ನಾಳೆ ಎಲ್ಲರೂ ನಾಲ್ಕು ಚೌಕ ಬರೆದು ಅಜ್ಜ ಅಜ್ಜಿಯರ ಹೆಸರು, ಜಾತಿ, ಊರು ತುಂಬಿಸಿಕೊಂಡು ಬನ್ನಿ" ಎಂದೆ. ಇಂಥ ಮನೆಪಾಠವನ್ನು ಇಂಥ ಊರಿನಲ್ಲಿ ಕೊಟ್ಟ ಬುದ್ಧಿವಂತ ನಾನೊಬ್ಬನೇ ಇರಬೇಕು.

ನಾಚುತ್ತಾರೆಂದುಕೊಂಡಿದ್ದೆ. ಮರುದಿನ ಹುಡುಗರು ಹಬ್ಬ ಮಾಡಿದರು. ಒಬ್ಬೊಬ್ಬನೂ ಎದೆಯುಬ್ಬಿಸಿ ಓದಿದ, ಕೊನೆಗೆ "ಶುದ್ಧ!" ಎಂದು ತಾನೇ ಠಸ್ಸೆ ಒತ್ತಿಕೊಂಡ. ಹಿಂದಿನ ಬೆಂಚಿನವನೊಬ್ಬ ನಿಜವಾದ ಕುತೂಹಲದಿಂದಲೇ ಕೇಳಿದ: "ಸಾರ್, ಜರ್ಮನಿಯೋರಿಗೆ ಅಷ್ಟೆಲ್ಲ ಕಾಗದ ಎಂತಕ್ಕೆ ಬೇಕಾತು? ನಮ್ಮೂರಾಗೆ ಕೇಳದೇ ಗೊತ್ತಿರ್ತದಲ್ಲ?" ಮುಂದಿನವರು ಓದಿ ಎಂದೆ.

ತರಗತಿಯಲ್ಲಿ ಮೂರೇ ಹುಡುಗಿಯರು. ಅವರಲ್ಲಿ ಸುಶೀಲ ಎಲ್ಲರಿಗಿಂತ ಚುರುಕು. ಅವಳಪ್ಪ ಹೊಸದಾಗಿ ಇಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ. ಅವರ ಹಿಂದುಮುಂದು ಊರಿಗೆ ಗೊತ್ತಿರಲಿಲ್ಲ. ಅವಳು ಮೂರು ಚೌಕ ಓದಿ, ನಾಲ್ಕನೆಯದನ್ನೂ ಅದೇ ದನಿಯಲ್ಲಿ ಓದಿದಳು: "ಅಮ್ಮನ ಅಮ್ಮ, ದ್ಯಾವಮ್ಮ. ಗುಡವಿ. ಊರ ಹೊರಗಿನ ಕೇರಿಯೋರು."

 ಯಾರೋ "ಬೆರಕೆ" ಎಂದರು. ನಾನೇ ಕಲಿಸಿದ ಮಾತು. ಇಡೀ ತರಗತಿ ಅದನ್ನು ಹಿಡಿದುಕೊಂಡಿತು. ಪಕ್ಕದ ಹುಡುಗಿ ಲಂಗ ಎಳೆದುಕೊಂಡು ಸರಿದು ಕೂತಳು. ಸುಶೀಲ ಅಳಲಿಲ್ಲ, ನನ್ನ ಕಡೆ ತಿರುಗಿದಳು. "ಸಾರ್, ಎಲ್ಲರಿಗೂ ಒಬ್ಬರಾದ್ರೂ ಇರ್ತಾರೆ ಅಂದಿದ್ರಲ್ಲ. ನಿಮ್ಮದೂ ಬರೀರಿ ಸಾರ್."

ಸೀಮೆಸುಣ್ಣ ಕೈಯಲ್ಲೇ ಇತ್ತು. ನನ್ನ ನಿಜವಾದ ನಾಲ್ವರನ್ನು ಬರೆದಿದ್ದರೆ ಆ ಮಗು ಒಂಟಿಯಾಗುತ್ತಿರಲಿಲ್ಲ. ನನಗೆ ಮಾತ್ರ ಆ ರಾತ್ರಿಯೇ ಹಿತ್ತಲ ಕೋಣೆ ಹೋಗುತ್ತಿತ್ತು, ಮತ್ತೆ ಭೂಪಟ, ಮತ್ತೆ ಇಲಿ. ಕರಿಹಲಗೆಯ ಮೇಲೆ ನಾಲ್ಕು ಚೌಕ ಎಳೆದು ನಾಲ್ವರು ಜಮೀನುದಾರರ ಹೆಸರನ್ನು ದುಂಡಗೆ ಬರೆದೆ. ನನ್ನ ಅಜ್ಜಿಯ ಜಾಗದಲ್ಲಿ, ಅವಳಿಂದ ಜೀವಮಾನವೆಲ್ಲ ಸಗಣಿ ಬಾಚಿಸಿಕೊಂಡ ಗೌಡತಿಯ ಹೆಸರು ಬರೆದೆ. ಹುಡುಗರು ಚಪ್ಪಾಳೆ ತಟ್ಟಿದರು. ಸುಶೀಲ ಹಲಗೆಯನ್ನು ಓದಿ, ಕೂತು, ಪುಸ್ತಕ ಮುಚ್ಚಿದಳು.

ಮರುದಿನ ಉಳಿದಿಬ್ಬರು ಹುಡುಗಿಯರ ಮನೆಯವರು ಬಂದು ಹೆಡ್‌ಮಾಸ್ತರರನ್ನು ಕಂಡರು. ಸುಶೀಲಳಿಗೆ ಬಾಗಿಲ ಬಳಿ ಗೋಣಿತಾಟು ಹಾಕಿದರು. "ಸ್ವಲ್ಪ ದಿನ ಮಾತ್ರ ರೀ," ಎಂದರು ಹೆಡ್‌ಮಾಸ್ತರರು, ನನಗೇ ಸಮಾಧಾನ ಹೇಳುವವರಂತೆ. ಆ ತಾಟಿನ ಮೇಲೆ ಅವಳು ನಾಲ್ಕು ದಿನ ಕೂತಳು. ಐದನೆಯ ದಿನ ಬರಲಿಲ್ಲ.

ನನಗೆ ಜಗಲಿಯಿಂದ ಒಳಕ್ಕೆ ಬಡ್ತಿ ಸಿಕ್ಕಿತು. "ಪಾಠ ಭಾರೀ ಚೆನ್ನಾಗಿ ಮಾಡಿದ್ರಂತೆ ಮೇಷ್ಟ್ರೇ," ಎಂದು ಚನ್ನವೀರಪ್ಪನವರು ಬೆನ್ನು ತಟ್ಟಿದರು. ಹಲಗೆಯ ಸುದ್ದಿ ಮನೆಮನೆಗೂ ಮುಟ್ಟಿತ್ತು. ಅಂದಿನಿಂದ ಗಂಗಮ್ಮ ನನ್ನನ್ನು ಅಡುಗೆಮನೆಯೊಳಗೆ ಕೂರಿಸಿ ಬಡಿಸುತ್ತಾರೆ, ಇನ್ನೊಂದು ತುತ್ತು ಎಂದು ಒತ್ತಾಯ ಮಾಡುತ್ತಾರೆ. ನಾಚಿಕೆಗೆಟ್ಟವನಂತೆ ಬೇಕೆಂದು ಕೇಳಿ ಉಣ್ಣುತ್ತೇನೆ. ಹೆತ್ತ ತಾಯಿಯ ನಂತರ ನನಗೆ ಹೀಗೆ ಯಾರೂ ಬಡಿಸಿಲ್ಲ.

ಕಳೆದ ಭಾನುವಾರ ಮಧ್ಯಾಹ್ನ ಒಬ್ಬ ಮುದುಕಿ ಬಂದು ಅಂಗಳದ ಆಚೆ ಬಿಸಿಲಿನಲ್ಲಿ ನಿಂತಳು. ದ್ಯಾವಮ್ಮ. ಗುಡವಿಯಿಂದ ನಡೆದೇ ಬಂದಿದ್ದಳು.

"ನನ್ ಹೆಸರು ಬರ್ದಿದ್ದು ತಪ್ಪಾತಂತಲ್ರೀ ಸ್ವಾಮಿ," ಎಂದಳು. "ಒರೆಸಿಬಿಡ್ರೀ. ನಾನು ಆ ಹುಡುಗಿಗೆ ಅಜ್ಜಿನೇ ಅಲ್ಲ ಅಂತ ಬರ್ಕಳ್ರೀ, ಬೇಕಾರೆ ಹೆಬ್ಬಟ್ಟು ಒತ್ತತೀನಿ. ಅದನ್ನ ಶಾಲಿಗೆ ಸೇರಿಸ್ಕಳ್ರೀ."

"ಅದು ನನ್ನ ಕೈಲಿಲ್ಲಮ್ಮ," ಎಂದೆ.

ಅವಳು ಕುಡಿಯಲು ನೀರು ಕೇಳಿದಳು. ಒಳಗಿನಿಂದ ಗಂಗಮ್ಮ, "ನನ್ ಕೈಯೆಲ್ಲ ಹಿಟ್ಟು ಮೇಷ್ಟ್ರೇ, ನೀವೇ ಹಾಕ್ರೀ. ಚೊಂಬು ತಾಗಿಸಬ್ಯಾಡಿ," ಎಂದು ಕೂಗಿದರು.

ದ್ಯಾವಮ್ಮ ಬಗ್ಗಿ ಬೊಗಸೆಯನ್ನು ಬಾಯಿಗೆ ಹಿಡಿದಳು. ಮೇಲಿನಿಂದ ನೀರು ಬಿಟ್ಟೆ. ಎಷ್ಟು ಸಣ್ಣಗೆ ಬಿಟ್ಟರೆ ಮೂಗಿಗೆ ಹೋಗುವುದಿಲ್ಲ, ಉಸಿರು ತೆಗೆದುಕೊಳ್ಳಲು ಎಲ್ಲಿ ನಿಲ್ಲಿಸಬೇಕು, ಎಲ್ಲವೂ ನನಗೆ ಗೊತ್ತಿತ್ತು. ನೀವೂ ಹಾಗೆ ಕುಡಿದವರೇ, ನಿಮಗೂ ಗೊತ್ತು. ಕೊಡುವ ಜನಕ್ಕೆ ಅದು ಗೊತ್ತಿರುವುದಿಲ್ಲ.

ಕುಡಿದು ಮುಖ ಒರೆಸಿಕೊಂಡು ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ದನಿ ತಗ್ಗಿಸಿ, ಸ್ವಾಮಿ ಎನ್ನದೆ, "ಎಲ್ಲಿಯೋನು ತಮ್ಮಾ ನೀನು?" ಎಂದಳು.

ಗಂಗಮ್ಮ ಬಾಗಿಲಿಗೆ ಬಂದಿದ್ದರು.

"ಕೋಲಾರದ ಕಡೆ. ಊರ ಒಳಗಿನವನು," ಎಂದೆ.