ಹಡಗಿನ ಮಾವನ ಗ್ರೀಕು

ಮೊನ್ನೆ ಅರಸೀಕೆರೆಯ ಹೋಟೆಲೊಂದರಲ್ಲಿ ಊಟ ಮುಗಿಸಿ, ಗಲ್ಲೆಯ ಮೇಲೆ ಬಟ್ಟಲಲ್ಲಿಟ್ಟಿದ್ದ ಸೋಂಪನ್ನು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡೆ. ಅದರ ಘಮ ಮೂಗಿಗೇರಿದ್ದೇ ತಡ, ಹಡಗಿನ ಮಾವ ಕಣ್ಣೆದುರು ಬಂದು ನಿಂತರು... ಅವರ ಅಂಗಿ ಜೇಬಿನಲ್ಲಿ ಸದಾ ಒಂದು ಸೋಂಪಿನ ಪೊಟ್ಟಣ ಇರುತ್ತಿತ್ತು. ಗ್ರೀಸ್ ದೇಶದಲ್ಲಿ ಸೋಂಪು ಹಾಕಿ ಇಳಿಸುವ ಸಾರಾಯಿಯೊಂದು ಇದೆಯಂತೆ. "ಬೇಲೂರಲ್ಲಿ ಅದು ಎಲ್ಲಿ ಸಿಗ್ಬೇಕು? ವಾಸನೆನಾದ್ರೂ ಇರ್ಲಿ" ಎಂದು ಹೆಂಡತಿಗೆ ಕೇಳಿಸದ ಹಾಗೆ ಹೇಳುತ್ತಿದ್ದರು.

ನಮಗೆ ಅವರು ಸಂಬಂಧದಲ್ಲಿ ಮಾವನೇನಲ್ಲ. ಬೇಲೂರಿನ ಹತ್ತಿರದ ಹಗರೆಯ ರೈತರ ಮನೆಯವರು. ಹರೆಯದಲ್ಲಿ ಬೊಂಬಾಯಿಗೆ ಹೋಗಿ ಹೋಟೆಲಿನ ಅಡುಗೆಮನೆ ಸೇರಿ, ಅಲ್ಲಿಂದ ಗ್ರೀಕರ ಸರಕು ಹಡಗೊಂದಕ್ಕೆ ಅಡುಗೆಯವರಾಗಿ ಹತ್ತಿದವರು. ಹಡಗಿನಲ್ಲಿದ್ದವರು ಬಹುಪಾಲು ಗ್ರೀಕರೇ. ಯಾರಿಗೆ ಉಪ್ಪು ಕಮ್ಮಿಯಾಯಿತು, ಯಾರಿಗೆ ಹೊಟ್ಟೆ ಕೆಟ್ಟಿದೆ ಎಂದು ತಿಳಿಯಬೇಕಾದರೆ ಅವರ ಮಾತು ಬರಲೇಬೇಕು. ಹಾಗೆ ಕಲಿತಿದ್ದರು. ಮಂಡಿ ನೋವು ಜಾಸ್ತಿಯಾದ ಮೇಲೆ ಕೆಲಸ ಬಿಟ್ಟು ಬಂದು ಬೇಲೂರಿನಲ್ಲಿ ನಮ್ಮ ಹಿಂದಿನ ಬೀದಿಯಲ್ಲಿ ಮನೆ ಮಾಡಿದರು. ಬೀದಿಗೆಲ್ಲ ಹಡಗಿನ ಮಾವನಾದರು. ಅವರ ಹೆಂಡತಿ ಅತ್ತೆ.

ಆಗ ನಾನು ಬಸ್ ಸ್ಟ್ಯಾಂಡಿನಿಂದ ದೇವಸ್ಥಾನಕ್ಕೆ ಹೋಗುವ ರಸ್ತೆಯಲ್ಲಿ ಒಂದು ಬ್ರೌಸಿಂಗ್ ಸೆಂಟರ್ ನಡೆಸುತ್ತಿದ್ದೆ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನನ್ನದೊಂದು ಗೀಳಿತ್ತು. ಊರು ಕಟ್ಟಿ, ಸೈನ್ಯ ಕೂಡಿಸಿ ಯುದ್ಧ ಮಾಡುವ ಕಂಪ್ಯೂಟರ್ ಆಟವೊಂದನ್ನು ಬೇರೆ ಬೇರೆ ದೇಶದ ಹುಡುಗರು ಸೇರಿ ಪುರಾತನ ಗ್ರೀಸಿನ ಆಟವಾಗಿ ಮಾರ್ಪಡಿಸುತ್ತಿದ್ದರು. ಯಾರಿಗೂ ಸಂಬಳವಿಲ್ಲ, ಎಲ್ಲ ಇಂಟರ್ನೆಟ್ಟಿನಲ್ಲೇ ಮಾತುಕತೆ. ಅವರದೊಂದು ಹಟ: ಆಟದಲ್ಲಿ ಒಂದೂ ಇಂಗ್ಲಿಷ್ ಹೆಸರು ಇರಕೂಡದು. ಉಗ್ರಾಣ, ಸಂತೆ, ಕಾಲಾಳು, ಕುದುರೆ ಸವಾರ, ಎಲ್ಲಕ್ಕೂ ಆ ಕಾಲದ ಗ್ರೀಕರು ಏನನ್ನುತ್ತಿದ್ದರೋ ಅದೇ ಹೆಸರು ಬೇಕು. ಹಡಗು ಕಟ್ಟುವ ಜಾಗದ ಹೆಸರಿಗಾಗಿ ವಾರಗಟ್ಟಲೆ ಜಗಳವಾಡಿ ಕೊನೆಗೆ 'ನೆಓರಿಯೋನ್' ಎಂದು ಇಟ್ಟರು. ನನಗೆ ಗ್ರೀಕಿನ ಗಂಧವೂ ಇರಲಿಲ್ಲ. ಪ್ರತಿ ಕಟ್ಟಡದ ಪುಟ್ಟ ಚಿತ್ರ ಬರೆಯುವುದು ನನ್ನ ಪಾಲಿನ ಕೆಲಸ. ಹಳೇಬೀಡಿನ ಗೋಡೆಯ ಆನೆ ಕುದುರೆಗಳನ್ನು ನೋಡಿ ಬರೆದು ಬರೆದು ನನ್ನ ಕೈ ಸ್ವಲ್ಪ ಪಳಗಿತ್ತು.

ಗ್ರೀಸಿನ ಪಿರೇಯಸ್ ಬಂದರಿನ ಫೋಟೋ ಸಿಗುತ್ತದಾ ಎಂದು ಕೇಳಿಕೊಂಡು ಮಾವ ಒಂದು ಮಧ್ಯಾಹ್ನ ಬಂದರು. ನನ್ನ ಪರದೆಯ ಮೇಲಿನ ಗ್ರೀಕು ಅಕ್ಷರ ಕಂಡದ್ದೇ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "ಅಪೊಥಿಕಿ! ಲೇ, ಇದು ಉಗ್ರಾಣ ಕಣೋ. ದಿನಾ ಅಕ್ಕಿ ಬೇಳೆ ತೆಗೀತಿದ್ದೆ. ಬಾಗ್ಲು ಇಷ್ಟು ದೊಡ್ದು ಬರೆದಿದ್ದೀಯಲ್ಲ, ಸಾಮಾನು ಉಳೀತದಾ?"

ಬಾಗಿಲು ಚಿಕ್ಕದು ಮಾಡಿದೆ. ಅವತ್ತಿನಿಂದ ಅವರು ದಿನಾ ಬರತೊಡಗಿದರು. ಅಗೊರಾ ಅಂದರೆ ಸಂತೆ, ನಾಓಸ್ ಅಂದರೆ ಗುಡಿ, ಲಿಮಾನಿ ಅಂದರೆ ಬಂದರು... ಒಂದೊಂದು ಹೆಸರಿಗೂ ಅವರ ಹತ್ತಿರ ಒಂದು ಕಥೆ ಇರುತ್ತಿತ್ತು.

ಆಟದಲ್ಲಿ ಸೈನಿಕರು ಗ್ರೀಕಿನಲ್ಲೇ ಓಗೊಡಬೇಕು, ದನಿ ಕೊಡುವವರು ಬೇಕು ಎಂದು ಆ ಹುಡುಗರು ಕೇಳಿದಾಗ ನಾನು ಮಾವನ ಹೆಸರು ಹೇಳಿದೆ. ಮಾವ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಫೋಟೋ ತೆಗೆಸಲು ಬಂದವರ ಹಾಗೆ ಬಂದು ಮೈಕಿನ ಮುಂದೆ ಕೂತರು. "ಎತಿಮೋಸ್!" ಎಂದು ಕೂಗಿದರು. ಸಿದ್ಧ ಎಂದರ್ಥ. ಹೊರಗಿದ್ದ ಆಟೋದವನು ಗಾಬರಿಯಾಗಿ ಒಳಗೆ ಇಣುಕಿದ.

ಕಳಿಸಿದ ಕೆಲವೇ ದಿನಕ್ಕೆ ಉತ್ತರ ಬಂತು. ದನಿ ಚೆನ್ನಾಗಿದೆ, ಆದರೆ ಉಚ್ಚಾರಣೆ ಈಗಿನ ಕಾಲದ್ದು. ಹಳಬರು 'ಹೆತೊಯ್ಮೋಸ್' ಅನ್ನುತ್ತಿದ್ದರು. ಲಿಮಾನಿ ಕೂಡ ಈಚಿನ ಮಾತು, ಹಳೆಯದು 'ಲಿಮೇನ್'. ಈ ದನಿ ಬಳಸಲಾಗುವುದಿಲ್ಲ.

ಹೇಳಲೋ ಬೇಡವೋ ಎಂದು ಒದ್ದಾಡಿ ಕೊನೆಗೆ ಹೇಳಿದೆ. ಮಾವ ಜೇಬಿನಿಂದ ಪೊಟ್ಟಣ ತೆಗೆದು ಸೋಂಪು ಬಾಯಿಗೆ ಹಾಕಿಕೊಂಡರು. "ನಂಗೆ ಮಾತು ಕಲಿಸಿದೋರು ಬದುಕಿದ್ದೋರು ಕಣಪ್ಪ. ಅಷ್ಟು ಹಳಬರಿಗೆ ನಾನು ಅಡುಗೆ ಮಾಡಿ ಹಾಕಿಲ್ಲ" ಎಂದು ನಕ್ಕು ಎದ್ದು ಹೋದರು. ಆಮೇಲೆ ಕೆಲವು ದಿನ ಬರಲೇ ಇಲ್ಲ. ನೊಂದುಕೊಂಡರು ಎಂದು ನಾನೂ ಕೊರಗಿದೆ. ಒಂದು ವಾರ ಕಳೆದಿರಬೇಕು, ತಾವಾಗಿಯೇ ಬಂದು ಕುರ್ಚಿ ಎಳೆದುಕೊಂಡರು. "ಆ ಹಳೇ ತರ ಹೆಂಗೆ? ಹೇಳ್ಕೊಡು."

ಆ ಹುಡುಗರಿಂದ ಉಚ್ಚಾರಣೆ ಬರೆಸಿಕೊಂಡು ಎಲ್ಲವನ್ನೂ ಹೊಸದಾಗಿ ಹೇಳಿ ಕಳಿಸಿದೆವು. ಈ ಸಲ ಆ ಹುಡುಗರು ಒಪ್ಪಿದರು. ಕಾಲಾಳುಗಳಿಗೆಲ್ಲ ಮಾವನದೇ ದನಿ. ಕಾಫಿಗೆ ಕರೆದರೂ ಹೆತೊಯ್ಮೋಸ್ ಅಂತಾರೆ ಎಂದು ಅತ್ತೆ ನಮ್ಮಮ್ಮನ ಹತ್ತಿರ ದೂರಿದರು.

ಆ ವರ್ಷವೇ ಮಾವನಿಗೆ ಸ್ಟ್ರೋಕ್ ಆಯಿತು. ಹಾಸನದ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಮನೆಗೆ ಬಂದು ಕೆಲವು ದಿನಗಳಾದ ಮೇಲೆ ಅತ್ತೆ ನನ್ನನ್ನು ಕರೆಸಿದರು. ಅವರ ಮುಖ ಬಿಳಿಚಿಕೊಂಡಿತ್ತು.

"ಮಾತು ಬಂದೈತೆ ಕಣೋ. ಆದ್ರೆ ಕನ್ನಡ ಬರ್ತಿಲ್ಲ. ನನ್ ಮುಖ ನೋಡ್ಕೊಂಡು ಅದೇನೋ ಆಡ್ತಾರೆ. ನಂಗೊಂದೂ ತಿಳಿಯಾಕಿಲ್ಲ."

ಸ್ಟ್ರೋಕ್ ಆದವರಿಗೆ ಒಂದು ಭಾಷೆ ಹೋಗಿ ಇನ್ನೊಂದು ಉಳಿಯುವುದೂ ಉಂಟು ಎಂದು ಡಾಕ್ಟರು ಹೇಳಿದ್ದರಂತೆ. ಮಾವ ಮಂಚದ ಮೇಲೆ ಒರಗಿ ಒಂದೇ ಮಾತು ಹೇಳುತ್ತಿದ್ದರು. "ಲಿಮಾನಿ... ಲಿಮಾನಿ..." ಅದು ಲೆಮನ್ ಎಂದು ಕೇಳಿಸಿ, ನಿಂಬೆಹಣ್ಣು ಕೇಳುತ್ತಿದ್ದಾರೆ ಎಂದುಕೊಂಡು ಅತ್ತೆ ಪಾನಕ ಮಾಡಿಕೊಡುವುದು, ಅವರು ಲೋಟ ತಳ್ಳಿ ಕಣ್ಣೀರು ಹಾಕುವುದು, ಹೀಗೇ ನಡೆದಿತ್ತು.

"ಅತ್ತೆ, ಅದು ನಿಂಬೆಹಣ್ಣಲ್ಲ. ಬಂದರು, ಹಡಗು ನಿಲ್ಲೋ ಜಾಗ" ಎಂದೆ.

ಬೇಲೂರಿನಲ್ಲಿ ಬಂದರು ಎಲ್ಲಿಂದ ತರುವುದು? ಅತ್ತೆಯೇ ಯೋಚಿಸಿ ಯೋಚಿಸಿ, "ನೀರು ನೋಡ್ಬೇಕು ಅನ್ನಿಸಿರ್ಬೇಕು. ಯಗಚಿ ಡ್ಯಾಮಿನ ಹತ್ರ ಕರ್ಕೊಂಡು ಹೋಗಾಣ" ಎಂದರು.

ಆಟೋದಲ್ಲಿ ಮಧ್ಯೆ ಕೂರಿಸಿಕೊಂಡು ಹೋದೆವು. ಹಿನ್ನೀರಿನ ದಡದಲ್ಲಿ ಒಂದು ಕಲ್ಲಿನ ಮೇಲೆ ಕೂರಿಸಿದೆವು. ಗಾಳಿ ಬೀಸುತ್ತಿತ್ತು. ಮಾವ ನೀರನ್ನು ನೋಡಿದರು, ನೋಡುತ್ತಲೇ ಇದ್ದರು. ಆಮೇಲೆ ಎಡಗೈಯಿಂದ ಅತ್ತೆಯ ಕೈ ಹಿಡಿದುಕೊಂಡು ಮಾತಾಡತೊಡಗಿದರು. ಎಷ್ಟು ಮಾತು! ತಡವರಿಸಿ, ನಿಂತು, ಮತ್ತೆ ಶುರು ಮಾಡಿ... ಅತ್ತೆ ನನ್ನತ್ತ ನೋಡಿದರು. ನನಗೆ ಗೊತ್ತಿದ್ದದ್ದು ಉಗ್ರಾಣ, ಸಂತೆ, ಕಾಲಾಳು ಅಷ್ಟೇ. ತಿಳಿಯಲಿಲ್ಲವೆಂದು ತಲೆ ಅಲ್ಲಾಡಿಸಿದೆ. ಅತ್ತೆ ಮತ್ತೆ ನನ್ನನ್ನು ಕೇಳಲಿಲ್ಲ. ಮಾವನ ಕಡೆ ತಿರುಗಿ, "ಹೂಂ... ಹೂಂ... ಆಮೇಲೆ?" ಎಂದು ಕೊನೆಯವರೆಗೂ ಹೂಂಗುಟ್ಟುತ್ತಾ ಕೂತರು.

ಮಾರನೆಯ ದಿನವೇ ಅತ್ತೆ ನನ್ನ ಸೆಂಟರಿಗೆ ಬಂದರು. "ನಿಂಗೆ ಗೊತ್ತಿರೋದೆಲ್ಲ ಯುದ್ಧದ್ದೇ ಆಯ್ತಲ್ಲೋ. ನೀರು, ಅನ್ನ, ನೋವು ಇವಕ್ಕೆ ಏನಂತಾರೆ, ಹುಡುಕು." ಹುಡುಕಿದೆ. ನೆರೊ, ರೀಜಿ, ಪೋನೊಸ್. ಇಷ್ಟಿಷ್ಟೇ ಬಾಯಿಪಾಠ ಮಾಡಿಕೊಂಡು, ದಾರಿಯುದ್ದಕ್ಕೂ ಗೊಣಗಿಕೊಳ್ಳುತ್ತಾ ಮನೆಗೆ ಹೋಗುತ್ತಿದ್ದರು. ಅತ್ತೆ ನೆರೊ ಎಂದು ಲೋಟ ಹಿಡಿದಾಗ ಮಾವ ನಕ್ಕಿದ್ದನ್ನು ನಾನೇ ನೋಡಿದ್ದೇನೆ.

ನಿಧಾನಕ್ಕೆ ಕನ್ನಡವೂ ಮರಳಿತು, ಸ್ವಲ್ಪ ಸೊಟ್ಟಗೆ. ಆಸ್ಪತ್ರೆಯಲ್ಲಿ ಮಾತು ಕಲಿಸುತ್ತಿದ್ದ ಹುಡುಗಿ ಬಹುವಚನದಲ್ಲೇ ಕಲಿಸಿದ್ದಳು. ಹಾಗಾಗಿ ಅಲ್ಲಿಯವರೆಗೆ ಹೆಂಡತಿಯನ್ನು ಲೇ, ಬಾರೇ ಎಂದು ಕರೆದವರು "ನೀವು ಊಟ ಮಾಡಿದ್ರಾ?" ಎನ್ನತೊಡಗಿದರು. "ಈ ವಯಸ್ಸಲ್ಲಿ ನಂಗೆ ಮರ್ಯಾದೆ ಸಿಕ್ತು ನೋಡು" ಎಂದು ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಕೊನೆಯವರೆಗೂ ಮಾವನಿಗೆ ಏಕವಚನ ಬರಲಿಲ್ಲ. ಹಾಗೇ ನಾಲ್ಕಾರು ವರ್ಷ ಇದ್ದು, ಒಂದು ಬೆಳಗ್ಗೆ ಏಳಲಿಲ್ಲ.

ಆಟವೇನೋ ಮುಗಿಯಿತು. ಆಡಿದವರು ಕಮ್ಮಿ. ಆ ವೆಬ್‌ಸೈಟ್ ಈಗ ಇಲ್ಲ, ನನ್ನ ಹಾರ್ಡ್ ಡಿಸ್ಕ್ ಕೆಟ್ಟು ಯಾವುದೋ ಕಾಲವಾಯಿತು. ಸೆಂಟರಿದ್ದ ಜಾಗದಲ್ಲಿ ಬೇಕರಿ ಬಂದಿದೆ. ಅರಸೀಕೆರೆಯಿಂದ ಬರುವಾಗ ಬಸ್ಸಿನಲ್ಲಿ ಕೂತು ಮಾವ ಹೇಳಿದ ಒಂದೊಂದೇ ಹೆಸರನ್ನು ನೆನೆಸಿಕೊಂಡೆ. ಎಲ್ಲ ನೆನಪಿದ್ದವು. ದನಿ ಮಾತ್ರ ಕೇಳಿಸಲಿಲ್ಲ...

ಮರುದಿನ ಹಗರೆಗೆ ಹೋದೆ. ಅತ್ತೆ ಈಗ ಅಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕೂತು ನಾನೂ ಸುಲಿದೆ. ಮಾವನ ದನಿ ನೆನಪಿದೆಯಾ ಎಂದು ಕೇಳಿದೆ.

ಅತ್ತೆ ಕೈ ನಿಲ್ಲಿಸಿ ಯೋಚಿಸಿದರು. "ಆಡಿದ್ದೆಲ್ಲ ನೆನಪೈತೆ. ದನಿ... ಇಲ್ಲ ಕಣೋ. ಬಾಗ್ಲಿಗೆ ಬಂದಾಗ ಕೆಮ್ತಿದ್ರಲ್ಲ, ಅದೊಂದು ಐತೆ."

ಮಾವ ಕೆಮ್ಮುತ್ತಿದ್ದ ಹಾಗೆ ಕೆಮ್ಮಿ ತೋರಿಸಿದರು. ಥೇಟ್ ಹಾಗೇ ಇತ್ತು. ಇಬ್ಬರೂ ನಕ್ಕೆವು. ಸ್ವಲ್ಪ ಹೊತ್ತಿನ ಮೇಲೆ ಅತ್ತೆ, ನೀರು ತರ್ತೀನಿ ಎಂದು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಉಳಿದ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ.