ನಿಂತ ಹೊತ್ತಿನ ಲೆಕ್ಕ

ಇವತ್ತು ಸಂಜೆ ನನ್ನ ಎಡಗೈಯ ಮಣಿಕಟ್ಟು ನಡುಗಲಿಲ್ಲ. ಗಾಬರಿಯಾಗಬೇಡಿ, ನಡುಗುವುದೇ ಅದರ ಆರೋಗ್ಯ. ಅಲ್ಲಿ ಕಟ್ಟಿಕೊಂಡಿರುವ ಜಿಪಿಎಸ್ ಗಡಿಯಾರ ದಿನವೂ ಸೂರ್ಯ ಮುಳುಗಲು ಒಂದು ತಾಸು ಇರುವಾಗ ಗುರ್ ಗುರ್ ಎನ್ನುತ್ತದೆ. ನಾನು ಅದನ್ನು ಸರಕಾರಿ ಸುತ್ತೋಲೆ ಓದುವ ಶ್ರದ್ಧೆಯಿಂದ ಒಮ್ಮೆ ನೋಡಿ, ಮತ್ತೆ ಗಿರಾಕಿಯ ಮೂಗಿನ ಮೇಲೆ ಕನ್ನಡಕ ಕೂಡಿಸುವುದರಲ್ಲಿ ಮಗ್ನನಾಗುತ್ತೇನೆ. ಚಿಕ್ಕೋಡಿಯ ಪೇಟೆಯಲ್ಲಿ ನನ್ನದು ಕನ್ನಡಕದ ಅಂಗಡಿ. ಮನೆ ಸೇರುವ ಹೊತ್ತಿಗೆ ಒಂಬತ್ತು ದಾಟಿರುತ್ತದೆ. ಹೆಂಡತಿ ಬಾಗಿಲಲ್ಲೇ ಇರುತ್ತಾಳೆ. ಗಾಳಿಗೆ ನಿಂತಿರುತ್ತಾಳೆಂದು ನಾನು ಬಹಳ ವರ್ಷಗಳಿಂದ ತಿಳಿದುಕೊಂಡಿದ್ದೇನೆ.

ನಿನ್ನೆ ರಾತ್ರಿ ಗಡಿಯಾರ ತನ್ನಷ್ಟಕ್ಕೆ ಅಪ್‌ಡೇಟ್ ಆಗಿ, ನಾವು ಕಲಿಸಿದ್ದನ್ನೆಲ್ಲ ಮರೆತು, ಹುಟ್ಟಿದ ದಿನದ ಸ್ಥಿತಿಗೆ ಮರಳಿತ್ತು. ಬೆಳಿಗ್ಗೆಯೇ ಸಂಶಯ ಬರಬೇಕಿತ್ತು. ಓಟ ಮುಗಿಸಿದಾಗ ಅದು ನನಗೆ ಹತ್ತು ವರ್ಷದ ಹಿಂದಿನ ವೇಗವನ್ನು ತೋರಿಸಿ ಅಭಿನಂದನೆ ಸಲ್ಲಿಸಿತು. ನನ್ನ ಮೊಳಕಾಲುಗಳು ಈ ನಿರ್ಣಯವನ್ನು ಅನುಮೋದಿಸಲಿಲ್ಲ. ದಣಿದವನಿಗೆ ಹೊಗಳಿಕೆ ಬಂದರೆ ಮೂಲ ಹುಡುಕುವ ಮನಸ್ಸಾಗುವುದಿಲ್ಲವಾದ್ದರಿಂದ ನಾನೂ ಹುಡುಕಲಿಲ್ಲ. ಸಂಜೆ ಅಂಗಡಿಯ ಎದುರಿನ ದೀಪಗಳು ಹತ್ತಿದಾಗಲೇ, ಅಯ್ಯೋ ಇದು ಬಡಿಯಲೇ ಇಲ್ಲವಲ್ಲ ಎಂದು ಹೊಳೆದದ್ದು. ಕರೆದಾಗೆಲ್ಲ ಏಳದಿದ್ದ ಮನುಷ್ಯ, ಕರೆಯದಿದ್ದಾಗ ಎದ್ದು ನಿಂತೆ.

ಆ ಸಂಜೆಯ ಕರೆಯನ್ನು ಗಡಿಯಾರದೊಳಗೆ ಹಾಕಿಕೊಟ್ಟವರು ತಾತ್ಯಾಸಾಬ. ನನ್ನ ಪಕ್ಕದ ಭಾಂಡೆ ಪಾತ್ರೆಗಳ ಅಂಗಡಿಯ ಮಾಲೀಕರು, ಶೇಡಬಾಳದ ಜೈನರು, ತೂಕದಲ್ಲಿ ನನಗಿಂತ ಭಾರ, ವಯಸ್ಸಿನಲ್ಲಿ ನನ್ನಷ್ಟೇ. ಐವತ್ತು ದಾಟಿದ ಮೇಲೆ ಡಾಕ್ಟರು ಇಬ್ಬರಿಗೂ ನಡೆಯಲು ಹೇಳಿದರು. ನಡಿಗೆ ಓಟವಾಯಿತು. ಓಟ ಮ್ಯಾರಥಾನಾಯಿತು. ಅದೂ ಸಾಲದೆ, ಒಂದೇ ದಿನದಲ್ಲಿ ಅದರ ಒಂದೂವರೆ ಪಟ್ಟು ಓಡುವ ಅಲ್ಟ್ರಾ ಮ್ಯಾರಥಾನ್ ಎಂಬ ವ್ಯಸನಕ್ಕೆ ಬಿದ್ದೆವು. ಕುಡಿತಕ್ಕೆ ಬಿದ್ದಿದ್ದರೆ ಮನೆಯವರು ಯಾರಿಗಾದರೂ ತೋರಿಸುತ್ತಿದ್ದರು. ಇದಕ್ಕೆ ಎಲ್ಲಿ ತೋರಿಸುವುದೆಂದು ಅವರಿಗೆ ತಿಳಿಯಲಿಲ್ಲ.

ತಾತ್ಯಾಸಾಬರಿಗೆ ಒಂದೇ ಅಡಚಣೆ. ಹೊತ್ತು ಮುಳುಗಿದ ಮೇಲೆ ಅವರು ಅನ್ನ ಮುಟ್ಟುವುದಿಲ್ಲ, ನೀರೂ ಮುಟ್ಟುವುದಿಲ್ಲ. ಅಲ್ಟ್ರಾ ಓಟಗಳೋ ಕತ್ತಲಾದ ಮೇಲೂ ನಡೆಯುತ್ತವೆ. ಮಹಾರಾಷ್ಟ್ರದ ಕಡೆ ಎರಡು ಸಲ ಓಡಿ, ಎರಡು ಸಲವೂ ಸೂರ್ಯನ ಜೊತೆಗೇ ಹಿಂದೆ ಸರಿದು ಬಂದರು. "ಕಾಲ ಅದಾವ್ರಿ, ಹೊತ್ತ ಇಲ್ಲ" ಎಂದರು. ಕೊನೆಗೆ ನಾವೇ ಒಂದು ಓಟವನ್ನು ಸ್ಥಾಪಿಸಿದೆವು. ಆರಂಭ ನಿಪ್ಪಾಣಿ, ಬೆಳಕು ಹರಿದೊಡನೆ. ಮುಕ್ತಾಯ ಶೇಡಬಾಳ, ತಾತ್ಯಾಸಾಬರ ಅಕ್ಕ ಚಂಪಕ್ಕನ ಮನೆಯ ಹೊಸ್ತಿಲು. ಗಡುವು ಸೂರ್ಯಾಸ್ತ. ಪಾರಿತೋಷಕ ಊಟ. ಸ್ಪರ್ಧಿಗಳು ಇಬ್ಬರು.

ಅದಕ್ಕಾಗಿಯೇ ಗಡಿಯಾರಗಳು ಬಂದವು. ಆಕಾಶದ ಉಪಗ್ರಹಗಳನ್ನು ಕೇಳಿ ನಾವೆಲ್ಲಿದ್ದೇವೆಂದು ಹೇಳುವುದು, ನಿಧಾನವಾದರೆ ಚುಚ್ಚುವುದು, ದಾರಿ ತಪ್ಪಿದರೆ ಕಿರುಚುವುದು ಅವುಗಳ ಕೆಲಸ. ದಾರಿಯನ್ನು ಬೇಸಿಗೆಯಲ್ಲಿ ಮೋಟರ್ ಸೈಕಲ್ ಮೇಲೆ ಹೋಗಿ ಗೆರೆಯಾಗಿ ತುಂಬಿಕೊಂಡು ಬಂದೆವು. ಗಡಿಯಾರದ ಅಂಕಿ ನನಗೆ ಕನ್ನಡಕವಿಲ್ಲದೆ ಕಾಣುವುದಿಲ್ಲ. ಕನ್ನಡಕ ಹಾಕಿ ಓಡಿದರೆ ಬೆವರಿಗೆ ಜಾರುತ್ತದೆ. ಊರಿಗೆಲ್ಲ ದೃಷ್ಟಿ ಮಾರುವ ನಾನು ತಾತ್ಯಾಸಾಬರ ಬಾಯಿಂದ ನನ್ನ ವೇಗವನ್ನು ಕೇಳಿಕೊಂಡು ಓಡಿದೆ.

ಶ್ರಾವಣದ ಮೋಡದ ದಿನ. ನಿಪ್ಪಾಣಿಯ ತಂಬಾಕಿನ ಘಾಟಿಗೆ ಸೀನುತ್ತಾ ಹೊರಟೆವು. ಕಾಲು ಹಗುರವಾಗಿದ್ದವು. ತೊಂದರೆ ಶುರುವಾದದ್ದು ಚಿಕ್ಕೋಡಿಯಲ್ಲಿ. ನಮ್ಮದೇ ಊರು, ನಮ್ಮದೇ ಪೇಟೆ. ಅರ್ಧ ಚಡ್ಡಿಯಲ್ಲಿ ಇಬ್ಬರು ವ್ಯಾಪಾರಸ್ಥರು ಓಡಿ ಹೋದರೆ ಯಾರು ಬಿಡುತ್ತಾರೆ?

"ಏನ್ ಶೇಠ್, ಯಾರ್ ಬೆನ್ನ ಹತ್ಯಾರ?"

"ಯಾರೂ ಇಲ್ಲೋ ಮಾರಾಯ. ಶೇಡಬಾಳಕ್ಕ ಹೊಂಟೀವಿ."

"ಬಸ್ ಬಂದ್ ಅದಾವೇನ್ರಿ? ಬರ್ರಿ, ಒಂದ ಕಪ್ ಚಾ ಕುಡದ ಹೋಗ್ರಿ."

ಇಲ್ಲ ಎನ್ನುವುದನ್ನು ಈ ಕಡೆಯ ಜನಕ್ಕೆ ಯಾರೂ ಕಲಿಸಿಲ್ಲ. ಚಹಾ ಕುಡಿದೆವು. ಮುಂದಿನ ಊರಲ್ಲಿ ಮಜ್ಜಿಗೆ. ಅಂಕಲಿಯಲ್ಲಿ ತಾತ್ಯಾಸಾಬರ ಬೀಗರು ಕಟ್ಟೆಯ ಮೇಲೆ ಕೂಡಿಸಿ, ಕಾಲು ನೀಡಿಸಿ, ಮನೆಯ ಎಲ್ಲರ ಆರೋಗ್ಯವನ್ನು ಒಬ್ಬೊಬ್ಬರದಾಗಿ ವಿಚಾರಿಸಿದರು. ಒಬ್ಬ ಗಿರಾಕಿ ರಸ್ತೆಯಲ್ಲೇ ನಿಲ್ಲಿಸಿ, ನಾನು ಕೊಟ್ಟ ಕನ್ನಡಕದಿಂದ ಎಮ್ಮೆ ಎರಡಾಗಿ ಕಾಣುತ್ತದೆಂದು ದೂರಿದ. ಪ್ರತಿ ಸಲವೂ ತಾತ್ಯಾಸಾಬ ಎದ್ದು ಮಣಿಕಟ್ಟು ನೋಡಿ, "ಬಿಲ್ಕುಲ್ ಟೈಮಿಗೆ ಸರಿಯಾಗಿ ಅದೀವ್ರಿ" ಎನ್ನುತ್ತಿದ್ದರು. ಅಂಕಲಿಯಿಂದಲೇ ಅಕ್ಕನಿಗೆ ಫೋನೂ ಮಾಡಿದರು. "ಅಕ್ಕಾ, ಹೊತ್ತ ಇರೂತನಾ ಬರ್ತೀವಿ. ಗಡಿಯಾರ ಹೇಳೈತಿ."

ಆ ಕಡೆಯಿಂದ ಚಂಪಕ್ಕನ ದನಿ ನನಗೂ ಕೇಳಿತು. "ಬಾ. ನೀ ಬಂದ ಮ್ಯಾಲ ಕೂಡೇ ಉಣ್ತೇನಿ."

ಚಂಪಕ್ಕನಿಗೂ ಅದೇ ನೇಮ, ಮೇಲೆ ಸಕ್ಕರೆ ಕಾಯಿಲೆ. ಸಂಜೆ ಉಂಡು ಗುಳಿಗೆ ನುಂಗಬೇಕು. ಉಣ್ಣದಿದ್ದರೆ ಮುಂದಿನ ಬೆಳಗಿನವರೆಗೆ ಏನೂ ಇಲ್ಲ. ಇದು ತಾತ್ಯಾಸಾಬರಿಗೆ ಗೊತ್ತಿತ್ತು. ಅದಕ್ಕೇ ಪ್ರತಿ ಕಿಲೋಮೀಟರಿಗೂ ಮಣಿಕಟ್ಟು ನೋಡುತ್ತಿದ್ದರು.

ಕೃಷ್ಣೆಯ ಸೇತುವೆ ದಾಟಿ ಜುಗೂಳದ ಕಡೆಯ ಹೊಲದ ದಾರಿಗೆ ಇಳಿದೆವು. ಅಲ್ಲಿ ಗಡಿಯಾರದ ಗೆರೆ ನೇರವಾಗಿ ಕಬ್ಬಿನೊಳಗೆ ಹೊಕ್ಕಿತು. ಬೇಸಿಗೆಯಲ್ಲಿ ನಾವು ಗೆರೆ ಎಳೆದಾಗ ಅದು ಕಬ್ಬು ಕಡಿದ ಹೊಲ, ಟ್ರ್ಯಾಕ್ಟರಿನ ಹಾದಿ. ಈಗ ಎರಡಾಳೆತ್ತರದ ಬೆಳೆ. ಉಪಗ್ರಹಕ್ಕೆ ಕಬ್ಬು ಬೆಳೆಯುತ್ತದೆಂದು ಯಾರು ಹೇಳಬೇಕು? ಗೆರೆಯ ಮೇಲಿನ ಗೌರವದಿಂದ ನಾವು ಒಳಹೊಕ್ಕು ಮುಖ ಕೈ ಗೀಚಿಸಿಕೊಂಡೆವು. ಬದುವಿನಿಂದ ಒಬ್ಬ ಕೂಗಿದ.

"ಯಾವನಲೇ ಅದು? ಹಂದಿ ಹೊಕ್ಕೈತಿ ಅಂತ ಕಲ್ಲ ಹಿಡದಿದ್ನೆಲ್ಲೋ!"

"ಒಗೀಬ್ಯಾಡೋ ಯಪ್ಪಾ, ಮಂದಿ ಅದೀವಿ!"

ಹೊರಬಂದು ಸುತ್ತು ಹಾಕಿದೆವು. ಗಡಿಯಾರ ದಾರಿ ತಪ್ಪಿದಿರಿ ಎಂದು ಕಿರುಚುತ್ತಲೇ ಇತ್ತು. ಮೋಡದ ಹಿಂದೆ ಸೂರ್ಯ ಎಲ್ಲಿದ್ದಾನೆಂದು ನೋಡುವ ಅಭ್ಯಾಸವೇ ನಮಗೆ ತಪ್ಪಿಹೋಗಿತ್ತು. ತಾತ್ಯಾಸಾಬ ಬಾಟಲಿಯ ಮುಚ್ಚಳ ತೆಗೆದು, "ಇನ್ನೂ ಭಾಳ ಟೈಮ್ ಐತ್ರಿ" ಎಂದು ಬಾಯಿಗೆ ಎತ್ತಿದರು.

ಅಷ್ಟರಲ್ಲಿ ಹೊಲದಾಚೆಯ ಊರಿನ ಮಸೀದಿಯಿಂದ ಸಂಜೆಯ ಬಾಂಗು ಕೇಳಿಸಿತು. ಸೂರ್ಯ ಮುಳುಗಿದೊಡನೆ ಕೂಗುವ ಬಾಂಗು.

ತಾತ್ಯಾಸಾಬರ ಕೈ ಅಲ್ಲೇ ನಿಂತಿತು. ತುಟಿಗೆ ಬೆರಳಷ್ಟು ದೂರದಲ್ಲಿ ನೀರಿತ್ತು. ಅವರು ಬಾಂಗು ಮುಗಿಯುವತನಕ ಹಾಗೇ ನಿಂತು, ನಿಧಾನವಾಗಿ ಮುಚ್ಚಳ ತಿರುಗಿಸಿ ಹಾಕಿದರು.

"ಗಡಿಯಾರ ತಪ್ಪೇತೇನ್ರಿ?" ಎಂದರು.

ನಾನು ಕನ್ನಡಕ ಹುಡುಕಿ ಹಾಕಿಕೊಂಡು, ಗುಂಡಿಗಳನ್ನೆಲ್ಲ ಒತ್ತಿ ನೋಡಿದೆ. ಗಡಿಯಾರ ತಪ್ಪಿರಲಿಲ್ಲ. ಅದರಲ್ಲೊಂದು ಸೌಲಭ್ಯವಿತ್ತು, ಆಟೋ ಪಾಜ್ ಅಂತ. ಓಡುವವನು ನಿಂತರೆ ಅದೂ ನಿಲ್ಲುತ್ತದೆ, ಹೊರಟರೆ ಎಣಿಕೆ ಮುಂದುವರಿಸುತ್ತದೆ. ಚಹಾ, ಮಜ್ಜಿಗೆ, ಬೀಗರು, ಎಮ್ಮೆ, ಯಾವುದೂ ಅದರ ಲೆಕ್ಕದಲ್ಲಿರಲಿಲ್ಲ. ಓಟದ ಪರದೆಯ ಮೇಲೆ ಗಂಟೆ ಇರುವುದಿಲ್ಲ; ಅದು ತೋರಿಸಿದ್ದು ನಾವು ಓಡಿದ ಹೊತ್ತನ್ನು ಮಾತ್ರ, ಫೋನಿನ ಗಂಟೆ ನೋಡುವ ಬುದ್ಧಿ ಇಬ್ಬರಿಗೂ ಬಂದಿರಲಿಲ್ಲ. ಈ ಸೌಲಭ್ಯ ಸೂರ್ಯನಿಗೆ ಇರಲಿಲ್ಲ.

"ನೀವ್ ಕುಡೀರಿ. ನಿಮಗೇನ್ ನೇಮ ಐತಿ?" ಎಂದು ಬಾಟಲಿ ನನ್ನ ಕೈಗಿತ್ತರು. ಕಬ್ಬಿನ ಕಡೆಗೆ ಮುಖ ಮಾಡಿ ಕುಡಿದೆ. ತಿರುಗಿದಾಗ ತಾತ್ಯಾಸಾಬ ಓಡತೊಡಗಿದ್ದರು. ಗಡುವು ಮುಗಿದ ಮೇಲೆ ಯಾಕೆ ಓಡುತ್ತೀರಿ ಎಂದು ಕೇಳಲಿಲ್ಲ. ಅವರೇ ಹೇಳಿದರು, "ಅಕ್ಕ ಉಂಡಿರೂದಿಲ್ರಿ." ಆ ದಿನದ ಅತ್ಯಂತ ವೇಗದ ಕಿಲೋಮೀಟರುಗಳು ಅವು. ಆಮೇಲೆ ಗಡಿಯಾರ ಅವಕ್ಕೊಂದು ಪದಕದ ಚಿತ್ರವನ್ನೂ ಕೊಟ್ಟಿತು.

ಚಂಪಕ್ಕ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈ ಚೌಕಟ್ಟಿನ ಮೇಲೆ. ಬರೀ ಆಸರೆಗೆ ಇಟ್ಟ ಕೈಯಲ್ಲ, ಹಿಡಿದುಕೊಂಡಿದ್ದ ಕೈ. ಒಳಗೆ ಮುಚ್ಚಿಟ್ಟ ಪಾತ್ರೆಗಳು ಸಾಲಾಗಿ ಕಾಣುತ್ತಿದ್ದವು. ತಾತ್ಯಾಸಾಬ ಮೆಟ್ಟಿಲ ಮೇಲೆ ಕುಸಿದು, ಏದುಸಿರಿನಲ್ಲೇ ಆಟೋ ಪಾಜಿನ ತತ್ವವನ್ನು ವಿವರಿಸಿದರು. ಆಕೆ ಪೂರ್ತಿ ಕೇಳಿದಳು.

"ಅಂದ್ರ ನೀವ್ ನಿಂತದ್ದನ್ನ ಅದು ಎಣಸೂದಿಲ್ಲ."

"ಇಲ್ಲಕ್ಕಾ."

"ನಾ ಇಲ್ಲಿ ನಿಂತದ್ದು? ಅದು ಯಾರ ಲೆಕ್ಕದಾಗ ಬರ್ತೈತೋ ತಾತ್ಯಾ?"

ಆಕೆ ನನ್ನ ಕಡೆ ತಿರುಗಿ, "ನಿಮಗ ಬಾಜೂ ಮನ್ಯಾಗ ಭಾಕ್ರಿ ಹೇಳೇನಿ. ಹೋಗಿ ಉಣ್ರಿ, ಹಸದೀರಿ" ಎಂದಳು. ಇಲ್ಲಿ ನಾನೂ ಉಪವಾಸವಿದ್ದೆ ಎಂದು ಬರೆಯುವ ಆಸೆಯಾಗುತ್ತದೆ. ಹೋದೆ, ಉಂಡೆ, ಎರಡನೆಯ ಸಲ ಪಲ್ಯ ಹಾಕಿಸಿಕೊಂಡೆ. ಮರಳಿದಾಗ ಅಕ್ಕ ತಮ್ಮ ಇಬ್ಬರೂ ಗೋಡೆಗೊರಗಿ ಕೂತಿದ್ದರು. ಆಕೆಗೆ ತಲೆ ಸುತ್ತುತ್ತಿತ್ತು. ತಾತ್ಯಾಸಾಬ ಆಕೆಯ ಕೈ ಹಿಡಿದಿದ್ದರು. ಬೆಳಗಾಗಿ, ನೇಮದಂತೆ ಸೂರ್ಯ ಎರಡು ಘಳಿಗೆ ಮೇಲೇರುವವರೆಗೂ ಆ ಕೈ ಬಿಡಲಿಲ್ಲ. ಆಮೇಲೆ ಆಕೆ ಎದ್ದು ಮೊದಲು ಬಡಿಸಿದ್ದು ತಮ್ಮನಿಗೇ.

ಊರಿಗೆ ಬಂದ ದಿನವೇ ತಾತ್ಯಾಸಾಬ ಎರಡೂ ಗಡಿಯಾರಗಳಲ್ಲಿ ಆಟೋ ಪಾಜ್ ತೆಗೆದುಹಾಕಿ, ಸಂಜೆಯ ಕರೆ ಹಾಕಿದರು. ಈಗ ಅವರ ಮೊಳಕಾಲು ಓಟವನ್ನು ನಿಲ್ಲಿಸಿದೆ. ಗಡಿಯಾರ ಬಡಿದೊಡನೆ ಅಂಗಡಿಯ ಶಟರ್ ಎಳೆಯುತ್ತಾರೆ, ಗಿರಾಕಿ ಎದುರಿಗಿದ್ದರೂ. ಚಂಪಕ್ಕ ಶೇಡಬಾಳದಲ್ಲಿ ಗಟ್ಟಿಯಾಗಿದ್ದಾಳೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ, ಯಾರಿಗೂ ಕಾಯುವುದಿಲ್ಲ.

ಇವತ್ತು ಸಂಜೆ ನಾನು ಅಂಗಡಿಯ ದೀಪದ ಕೆಳಗೆ ಗಡಿಯಾರ ಹಿಡಿದು ಆಟೋ ಪಾಜನ್ನು ಮತ್ತೆ ತೆಗೆದುಹಾಕಿದೆ. ಬೆಳಗಿನ ಅಭಿನಂದನೆಯ ಗುಟ್ಟು ಅದೇ ಆಗಿತ್ತು: ನಾನು ಸುಧಾರಿಸಿಕೊಳ್ಳಲು ನಿಂತದ್ದನ್ನು ಅದು ಎಣಿಸಿರಲಿಲ್ಲ. ಸಂಜೆಯ ಕರೆಯನ್ನೂ ಹಾಕಿದೆ. ಆಮೇಲೆ, ಯಾಕೋ, ಶಟರ್ ಎಳೆದೆ. ಪಕ್ಕದ ಚಹಾದವನು ತನ್ನ ಮೊಬೈಲಿನಲ್ಲಿ ಗಂಟೆ ನೋಡಿಕೊಂಡ.

ಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಇವತ್ತು ಗಾಳಿ ಇರಲಿಲ್ಲ.

"ಯಾಕ್ರಿ, ಇಷ್ಟ ಲಗೂ? ಮೈಯಾಗ ಆರಾಮಿಲ್ಲೇನು?"

"ಆರಾಮ ಅದೀನಿ. ಎಷ್ಟ ಹೊತ್ತಾತು ನೀ ಇಲ್ಲಿ ನಿಂತು?"

ಆಕೆ ನನ್ನ ಮುಖವನ್ನೊಮ್ಮೆ, ಮಣಿಕಟ್ಟನ್ನೊಮ್ಮೆ ನೋಡಿದಳು.

"ಇವತ್ತಿನದಷ್ಟ ಕೇಳಾಕತ್ತೀರೋ," ಎಂದಳು, "ಎಲ್ಲಾ ಕೂಡಿಸಿ ಹೇಳ್ಲೋ?"