ಭಾನುವಾರದವರೆಗೆ ಹಸಿರು

ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದ ಆಕೆಯನ್ನು ಎಲ್ಲರೂ ಪಟ್ಟಿಯಮ್ಮ ಎಂದೇ ಕರೆಯುತ್ತಿದ್ದರು. ಯಾವ ರೋಗಿಗೆ ಯಾವ ಔಷಧ ಆಗಿಬರುವುದಿಲ್ಲ ಎಂಬ ಪಟ್ಟಿಯನ್ನು ಅಷ್ಟೂ ವರ್ಷ ಕಾಯ್ದವರು ಅವರು. ಮೊದಲ ಹತ್ತೊಂಬತ್ತು ವರ್ಷ ಕೆಂಪು ರಟ್ಟಿನ ರಿಜಿಸ್ಟರಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ರಿಜಿಸ್ಟರಿನ ಕಾಲದಲ್ಲಿ ಬರೆದ ಕ್ಷಣದಿಂದಲೇ ಬರೆದದ್ದು ಜಾರಿಯಾಗುತ್ತಿತ್ತು. ಆ ನಂಬಿಕೆ ಅವರ ಬೆರಳುಗಳಲ್ಲಿ ಮನೆಮಾಡಿಬಿಟ್ಟಿತ್ತು.

ಕಂಪ್ಯೂಟರಿನಲ್ಲಿ ರೋಗಿಗಳಿಗೊಂದು ಕೋಷ್ಟಕ, ಔಷಧಗಳಿಗೊಂದು, ಆಗದ ಔಷಧಗಳಿಗೆ ಇನ್ನೊಂದು. ರೋಗಿಗೆ ಪೆನಿಸಿಲಿನ್ ಆಗದೆಂದು ಒಂದು ಕಡೆ ಬರೆದಿದ್ದರೂ, ಬೇರೆ ಹೆಸರಿನ ಔಷಧವೊಂದು ಅದೇ ಕುಲದ್ದೆಂದು ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಆದ್ದರಿಂದ ಔಷಧಗಳ ವಂಶವೃಕ್ಷವೊಂದನ್ನು ಜೋಡಿಸಿದರು: ಇದು ಅದರ ಮಗು, ಅದು ಮತ್ತೊಂದರ ಮಗು, ತಾಯಿ ಆಗದವರಿಗೆ ಮಗುವೂ ಆಗದು. ಯಂತ್ರ ತಾನೇ ಕೊಂಡಿ ಹಿಡಿದು ಮೇಲೆ ಹತ್ತಿ, ಬರೆಯದೆ ಬಿಟ್ಟದ್ದನ್ನೂ ತರ್ಕಿಸಿ ಹೇಳಬೇಕು. ಹಾಗೆ ಹತ್ತಿಳಿಯಲು ಒಂದೊಂದು ಪ್ರಶ್ನೆಗೂ ನಾಲ್ಕು ನಿಮಿಷ ಹಿಡಿಯಿತು. ವೈದ್ಯರು ಸಿಡುಕಿದರು, ಸಮಿತಿ ಕೂತಿತು. ಪ್ರತಿ ಭಾನುವಾರ ಎಲ್ಲ ರೋಗಿಗಳ ಎಲ್ಲ ಉತ್ತರಗಳನ್ನೂ ಮೊದಲೇ ಲೆಕ್ಕ ಹಾಕಿ ಸಿದ್ಧ ಕೋಷ್ಟಕವೊಂದರಲ್ಲಿ ತುಂಬಿಡುವುದೆಂದು ತೀರ್ಮಾನವಾಯಿತು. ಅಲ್ಲಿಂದ ಮುಂದೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ಸಮಿತಿ ತನ್ನ ಬೆನ್ನು ತಾನೇ ತಟ್ಟಿಕೊಂಡಿತು.

ವಾರದ ನಡುವೆ ಬಂದ ಔಷಧದ ಗತಿಯೇನು ಎಂದು ಸಮಿತಿಯ ಒಂಬತ್ತು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಸಿದ್ಧ ಕೋಷ್ಟಕದಲ್ಲಿಲ್ಲದ ಔಷಧಕ್ಕೆ ‘ಇನ್ನೂ ಗೊತ್ತಿಲ್ಲ’ ಎನ್ನಬೇಕಾಗಿದ್ದ ಪರದೆ, ‘ಅಡ್ಡಿಯಿಲ್ಲ’ ಎಂದು ಹಸಿರು ತೋರಿಸುತ್ತಿತ್ತು. ಗೊತ್ತಿಲ್ಲದ್ದನ್ನು ಇಲ್ಲವೆಂದು ಹೇಳುವುದು ಸುಳ್ಳು. ಯಂತ್ರ ಹೇಳಿತೆಂದ ಮಾತ್ರಕ್ಕೆ ಅದು ನಿಜವಾಗದು.

ಆ ಬುಧವಾರ ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಪಟ್ಟಿಯಮ್ಮ ಹೊಸ ಸೂಜಿಮದ್ದೊಂದನ್ನು ಔಷಧಗಳ ಕೋಷ್ಟಕಕ್ಕೆ ಸೇರಿಸಿ, ಪೆನಿಸಿಲಿನ್ ಕುಲದಡಿ ಕೊಂಡಿ ಹಾಕಿದರು. ಹೆಸರು ನೋಡಿದರೆ ಕುಲದ ವಾಸನೆಯೂ ಬಡಿಯದಂಥ ಮದ್ದು ಅದು. ಕೊಂಡಿ ಬಿತ್ತು, ಇನ್ನು ಚಿಂತೆಯಿಲ್ಲ ಎಂದುಕೊಂಡು ಮುಂದಿನ ಕೆಲಸ ಹಿಡಿದರು.

ಗುರುವಾರ ಅವರ ತಂಗಿ ಕಾಲಿನ ಗಾಯ ಕೀವಾಗಿ ಅದೇ ಆಸ್ಪತ್ರೆಗೆ ದಾಖಲಾದಳು. ಹನ್ನೊಂದು ನಲವತ್ತಕ್ಕೆ ಪಟ್ಟಿಯಮ್ಮ ಸುಮ್ಮನೆ ತಂಗಿಯ ಪುಟ ತೆರೆದರು. ‘ಪೆನಿಸಿಲಿನ್ ಆಗದು’ ಎಂದು ತಾವೇ ಬರೆದ ಸಾಲು ಅಲ್ಲಿತ್ತು. ಅದರ ಕೆಳಗೇ ವೈದ್ಯರು ಬರೆದಿದ್ದು ನಿನ್ನೆ ಸೇರಿಸಿದ ಅದೇ ಮದ್ದು, ಪಕ್ಕದಲ್ಲಿ ಹಸಿರು.

ಪಕ್ಕದ ಕೋಣೆಯ ಎಂಜಿನಿಯರ್‌ನನ್ನು ಕೂಗಿದರು. “ನಿನ್ನೆನೇ ಕೊಂಡಿ ಹಾಕಿದೀನಲ್ಲಪ್ಪ, ಹಸಿರು ಯಾಕೆ ಬರ್ತಿದೆ?”

“ಭಾನುವಾರ ಲೆಕ್ಕ ಓಡಿದ ಮೇಲೆ ಕೆಂಪಾಗತ್ತೆ ಮೇಡಂ.”

“ಇವತ್ತು ಗುರುವಾರ.”

“ಹೌದಲ್ವಾ ಮೇಡಂ,” ಎಂದ ಅವನು, ಯಾರೋ ಅವನನ್ನು ವಾರದ ಹೆಸರು ಕೇಳಿದಂತೆ.

ವಾರ್ಡಿಗೆ ಫೋನ್ ಮಾಡಿದರೆ ಎಂಗೇಜ್. ಮತ್ತೊಮ್ಮೆ ಮಾಡಿದರು, ಆಗಲೂ ಎಂಗೇಜ್. ಲಿಫ್ಟು ಐದನೇ ಮಹಡಿಯಲ್ಲಿ ನಿಂತಿತ್ತು. ಮೆಟ್ಟಿಲು ಹಿಡಿದರು. ಹಿಂದೊಮ್ಮೆ ಪೆನಿಸಿಲಿನ್ ಸೂಜಿ ಹಾಕಿಸಿದಾಗ ಒಂಬತ್ತು ವರ್ಷದ ತಂಗಿಯ ಮುಖ ಬುರಬುರನೆ ಊದಿಕೊಂಡು, ತುಟಿ ನೀಲಿಯಾಗಿ, ಗಂಟಲಿನಿಂದ ಸಿಳ್ಳೆಯಂಥ ಸದ್ದು ಹೊರಟಿದ್ದ ಆ ಮಧ್ಯಾಹ್ನ ಅವರ ಕಿವಿಯಲ್ಲಿತ್ತು. ಅಂದು ಅವಳನ್ನು ಹೆಗಲಿಗೆ ಹಾಕಿಕೊಂಡು ಓಡಿದ್ದು ಇದೇ ಕಾಲು. ಈಗ ಎರಡು ಮಹಡಿ ಮುಗಿಯುವುದೇ ಇಲ್ಲವೇನೋ ಅನ್ನಿಸಿತು.

ತಂಗಿಯ ಮಂಚದ ಪಕ್ಕ ಆ ಮದ್ದಿನ ಬಾಟಲಿ ತೂಗುತ್ತಿತ್ತು. ಹನಿ ಇಳಿಯುತ್ತಿತ್ತು.

“ಏನಕ್ಕ, ಹೀಗೆ ಓಡಿಬಂದೆ? ನಿನ್ನ ಮಂಡಿನೋವು ಎಲ್ಲಿ ಹೋಯ್ತು?” ಎಂದಳು ತಂಗಿ.

ಪಟ್ಟಿಯಮ್ಮ ಕೊಳವೆಯ ಚಕ್ರವನ್ನು ಹೆಬ್ಬೆರಳಿನಿಂದ ತಿರುಗಿಸಿ ಬಿಗಿದರು. ನರ್ಸ್ ಧಾವಿಸಿದಳು. “ಏನ್ ಮಾಡ್ತಿದೀರಮ್ಮ ನೀವು? ಸ್ಕ್ರೀನಲ್ಲಿ ಹಸಿರು ಇದೆ, ನಾನೇ ನೋಡಿ ಹಾಕಿದ್ದು.”

“ಆ ಹಸಿರಿಗೆ ನನ್ನಷ್ಟೂ ಗೊತ್ತಿಲ್ಲ. ಎಷ್ಟು ಹೊತ್ತಾಯ್ತು ಹಾಕಿ?”

“ಮೂರು ನಿಮಿಷ ಆಗಿರ್ಬೋದು.”

ತಂಗಿ ಆಗಲೇ ಕತ್ತು ಕೆರೆದುಕೊಳ್ಳುತ್ತಿದ್ದಳು. ಅವಳಿಗದರ ಅರಿವಿರಲಿಲ್ಲ, ಪಟ್ಟಿಯಮ್ಮ ಮಾತ್ರ ಆ ಬೆರಳುಗಳಿಂದ ಕಣ್ಣು ಕೀಳಲಿಲ್ಲ. ಕತ್ತಿನ ಮೇಲೆ ಕೆಂಪು ಗಂಧೆಗಳು ಒಂದೊಂದಾಗಿ ಎದ್ದವು. ವೈದ್ಯರು ಬಂದರು, ಪ್ರತಿಮದ್ದು ಚುಚ್ಚಿದರು, ಮೂಗಿಗೆ ಆಮ್ಲಜನಕ ಹಚ್ಚಿದರು. ಮುಂದಿನ ಐವತ್ತು ನಿಮಿಷ ಪಟ್ಟಿಯಮ್ಮ ತಂಗಿಯ ಉಸಿರು ಎಣಿಸುತ್ತ ಕೂತರು. ಒಂದು ಉಸಿರು ತಡವಾದರೆ ತಮ್ಮದನ್ನೂ ಹಿಡಿದಿಡುತ್ತಿದ್ದರು.

“ಅಕ್ಕ, ನೀನು ಹಾಗೆ ದಿಟ್ಟಿಸಿದ್ರೆ ನನಗೇ ಭಯ ಆಗತ್ತೆ. ಆ ಕಡೆ ನೋಡು,” ಎಂದಳು ತಂಗಿ ಕೊನೆಗೆ. ಸ್ವರ ಒರಟಾಗಿತ್ತು, ಆದರೆ ಸಿಳ್ಳೆಯಿರಲಿಲ್ಲ.

ಆಗ ಇನ್ನೊಂದು ಯೋಚನೆ ತಣ್ಣನೆಯ ಕೈಯಂತೆ ಅವರ ಬೆನ್ನ ಮೇಲೆ ಬಿತ್ತು: ನಿನ್ನೆಯಿಂದ ಇನ್ನೆಷ್ಟು ಜನರಿಗೆ ಹಸಿರು ಬಂದಿದೆಯೋ. ಅವರು ಮತ್ತೆ ಕೆಳಗಿಳಿದರು.

“ಲೆಕ್ಕ ಈಗಲೇ ಓಡಿಸು.”

“ಪೂರ್ತಿ ಓಡೋಕೆ ಆರು ಗಂಟೆ ಬೇಕು ಮೇಡಂ. ಅಲ್ಲೀವರೆಗೆ ಎಲ್ಲ ಕೌಂಟರೂ ನಿಲ್ಲತ್ತೆ. ಸಮಿತಿ ನನ್ನ ಚರ್ಮ ಸುಲಿಯತ್ತೆ.”

“ಪೂರ್ತಿ ಯಾಕೆ? ಹೊಸದಾಗಿ ಬಿದ್ದಿರೋದು ಒಂದೇ ಕೊಂಡಿ. ಆ ಕುಲ ಆಗದವರು ಯಾರು ಅಂತ ಮಾತ್ರ ಹುಡುಕು, ಅವರ ಸಾಲು ಮಾತ್ರ ಸೇರಿಸು. ಉಳಿದವರನ್ನ ಯಾಕೆ ಮುಟ್ತೀಯ?”

ಎಂಜಿನಿಯರ್ ಪೆನ್ನಿನ ತುದಿ ಕಚ್ಚಿದ. “ಮಾಡಬಹುದು. ಮೊದಲಿಂದಲೂ ಮಾಡಬಹುದಾಗಿತ್ತು. ಯಾರೂ ಕೇಳಿರಲಿಲ್ಲ.”

ಅರ್ಧ ಗಂಟೆ ಕೂತು ಬರೆದ. ಲೆಕ್ಕ ಓಡಿದ್ದು ಮೂವತ್ತೆಂಟು ಸೆಕೆಂಡು. ಒಬ್ಬ ಮನುಷ್ಯನೂ ಒಂದು ಪ್ರಶ್ನೆ ಕೇಳದೆ ಇದ್ದುದರಿಂದ ಆಸ್ಪತ್ರೆ ವಾರದಲ್ಲಿ ಆರು ದಿನ ಕುರುಡಾಗಿತ್ತು.

ಆ ಮದ್ದು ಬರೆಸಿಕೊಂಡವರಲ್ಲಿ ಮೂರು ಹೆಸರು ಕೆಂಪಾದವು. ಮೊದಲನೆಯದು ತಂಗಿಯದು. ಎರಡನೆಯವರು ಗಂಡಸರ ವಾರ್ಡಿನ ಟೈಲರ್. ಅವರಿಗೆ ಎರಡು ಗಂಟೆಗೆ ಹಾಕಬೇಕಾಗಿತ್ತು, ಫೋನಿನಲ್ಲೇ ತಡೆದರು. ಮೂರನೆಯವರು ಲಾರಿ ಚಾಲಕ. ಬೆಳಿಗ್ಗೆ ಸೂಜಿ ಹಾಕಿಸಿಕೊಂಡು ಮನೆಗೆ ಹೋಗಿಯಾಗಿತ್ತು.

ಪಟ್ಟಿಯಮ್ಮ ಅವರ ನಂಬರು ಒತ್ತಿದರು. ಗಂಟೆ ಹನ್ನೊಂದು ಸಲ ಬಡಿಯಿತು. ಹನ್ನೆರಡನೆಯದಕ್ಕೆ ಚಾಲಕರೇ ಎತ್ತಿದರು.

“ಯಾರ್ರೀ ಅದು? ಮಲಗೋಕೂ ಬಿಡಲ್ವಲ್ಲ. ಮೈಯೆಲ್ಲ ಉರಿ ಉರಿ, ಮುಖ ಕುಂಬಳಕಾಯಿ ಆಗಿದೆ ಅಂತಾಳೆ ಇವಳು.”

“ಮಲಗಬೇಡಿ. ಪಕ್ಕದಲ್ಲಿರೋರನ್ನ ಕರ್ಕೊಂಡು ಈಗಲೇ ಆಸ್ಪತ್ರೆಗೆ ಬನ್ನಿ. ನೀವು ಗಾಡಿ ಓಡಿಸಬೇಡಿ. ಫೋನ್ ಇಡಬೇಡಿ, ಮಾತಾಡ್ತಾ ಇರಿ.”

“ಏನ್ ಮಾತಾಡ್ಲಿ?”

“ಏನಾದರೂ. ನಿಮ್ಮ ಉಸಿರು ನನಗೆ ಕೇಳಿಸ್ತಾ ಇರಬೇಕು.”

ಇಪ್ಪತ್ತಾರು ನಿಮಿಷ ಆ ಚಾಲಕ ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತ ಆಸ್ಪತ್ರೆಯ ಬಾಗಿಲವರೆಗೂ ಬಂದರು. ಪ್ರತಿ ಬೈಗುಳಕ್ಕೂ ಪಟ್ಟಿಯಮ್ಮ, ರಿಸೀವರನ್ನು ಕಿವಿಗೆ ಒತ್ತಿಕೊಂಡು, “ಹ್ಞೂಂ, ಇನ್ನೂ ಹೇಳಿ” ಎನ್ನುತ್ತಿದ್ದರು.